ಹಾರ ಕಾಲು ಕೆಜಿ, ಮಿಕ್ಕಿದ್ದು ಗಾಳಿ

ಗಾಳಿಗೂ ತೂಕ ಇದೆ ಅಂತ ಇವತ್ತು ಗೊತ್ತಾಯ್ತು ಸ್ನೇಹಿತರೇ.

ಮುಳಬಾಗಿಲಲ್ಲಿ ಕೂತು ರೇಷ್ಮೆ ಗೂಡಿನ ಹಾರ ಮಾಡಿ ಆನ್‌ಲೈನಲ್ಲಿ ಮಾರೋಳು ನಾನು. ಒಂದು ಹಾರ ಕಾಲು ಕೆಜಿ ಬಂದ್ರೆ ಹೆಚ್ಚು. ಗೂಡು ನಜ್ಜುಗುಜ್ಜಾಗಬಾರದು ಅಂತ ದೊಡ್ಡ ಬಾಕ್ಸಲ್ಲೇ ಹಾಕ್ಬೇಕು. ಬೆಳಿಗ್ಗೆ ಕೊರಿಯರ್ ಕಂಪನಿ ಆ್ಯಪಲ್ಲಿ ಬಾಕ್ಸಿನ ಅಳತೆ ಹಾಕಿದ ಕೂಡಲೇ ಮೂರು ಕೆಜಿಗೆ ಚಾರ್ಜ್ ಕಿತ್ಕೊಂಡ್ರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ.

"ಮೇಡಂ, ಬಾಕ್ಸಿನ ಸೈಜ್ ನೋಡಿ ತೂಕ ಲೆಕ್ಕ ಹಾಕ್ತೀವಿ. ಅದೇ ರೂಲ್ಸು."

"ಒಳಗಿರೋದು ಗಾಳಿ ಕಣಪ್ಪಾ!"

"ಗಾಳೀನೂ ಜಾಗ ತಗೊಳುತ್ತಲ್ಲ ಮೇಡಂ. ಸಣ್ಣ ಬಾಕ್ಸಲ್ಲಿ ಹಾಕಿ."

"ಹಾರ ನಜ್ಜಿ ವಾಪಸ್ ಬಂದ್ರೆ?"

"ವಾಪಸ್ ತರೋ ಚಾರ್ಜೂ ನಿಮ್ಮದೇ."

ಸ್ಪೀಕರಲ್ಲಿ ಎಲ್ಲಾ ಕೇಳಿಸ್ಕೊಂಡ ನಮ್ಮತ್ತೆ, "ಗಾಲಿಕಿ ಕೂಡಾ ಡಬ್ಬುಲಾ?" ಅಂತ ತೆಲುಗಲ್ಲೇ ರೇಗಿದ್ರು, ಗಾಳಿಗೂ ದುಡ್ಡಾ ಅಂತ. ಸೀದಾ ಅಡುಗೆಮನೆಗೆ ಹೋಗಿ ರಾಗಿ ಹಿಟ್ಟು ತಂದು ನನ್ನ ಮುಂದೆ ಕುಕ್ಕಿ, "ಮೂರು ಕೆಜಿಗೆ ದುಡ್ಡು ತಗೊಂಡ ಮೇಲೆ ಮೂರು ಕೆಜಿ ಹೊರಲಿ. ತುಂಬು!" ಅಂದ್ರು.

ತುಂಬಿದೆ. ಹಿಟ್ಟಿನ ಪೊಟ್ಟಣ ತಳಕ್ಕೆ ಟೇಪ್ ಹಾಕಿ ಅಂಟಿಸಿ, ಮೇಲೊಂದು ರಟ್ಟು ಕೂರಿಸಿ, ಅದರ ಮೇಲೆ ಹಾರ ಇಟ್ಟೆ.

ಮಧ್ಯಾಹ್ನ ಪಾರ್ಸೆಲ್ ತಗೊಳ್ಳೋಕೆ ಬಂದೋನು ಬಾಕ್ಸ್ ಎತ್ತಿ, "ಏನಕ್ಕಾ, ಹಾರ ಇಷ್ಟು ಭಾರ?" ಅಂದ.

"ತೂಕ ಹಾಕಿ ನೋಡಪ್ಪಾ. ನಿಮ್ಮೋರು ಹೇಳಿದಷ್ಟೇ ಇದೆ."

ಹಾರ ತರಿಸ್ಕೊಂಡಿರೋ ಅಕ್ಕಾ, ಹಿಟ್ಟು ನೋಡಿ ಗಾಬರಿ ಬೀಳ್ಬೇಡಿ. ಅದು ಕಂಪನಿಯವರು ತೂಕ ಹಾಕಿದ ಗಾಳಿ. ಮುದ್ದೆ ಮಾಡ್ಕೊಂಡು ಉಣ್ಣಿ.