ಶಾಹಿನಾಳ ಓದು, ಗೌಡರ ಜೀಪು

ಈಚೆಗೆ ನಾವು ಮೂವರು ಸೇರಿ ಒಬ್ಬ ನರ್ಸಿನ ಓದು ನಿಲ್ಲಿಸಿ ಬಂದೆವು. ಬರುವಾಗ ಬಣಕಲ್‌ನಲ್ಲಿ ಜೀಪು ನಿಲ್ಲಿಸಿ ಬನ್ಸ್ ತಿಂದೆವು. ಅಷ್ಟು ಖುಷಿಯಾಗಿದ್ದೆವು.

(ಬನ್ಸ್ ಅಲ್ಲ, ಗೋಳಿಬಜೆ ಎನ್ನುತ್ತಾಳೆ ಅಕ್ಕ. ಇರಲಿ. ತಿಂಡಿಯ ವಿಷಯದಲ್ಲಿ ನನ್ನ ಮಾತು ನಂಬಬೇಡಿ. ಉಳಿದದ್ದನ್ನೂ ಸ್ವಲ್ಪ ನೋಡಿಕೊಂಡು ನಂಬಿ.)

ಈ ಅಂಕಣ ಓದುವವರಿಗೆ ನನ್ನ ಅಕ್ಕ ಹೊಸಬಳಲ್ಲ. ಕಳಸದ ಕಡೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹೋದ ವರ್ಷದಿಂದ ಅವಳ ರಕ್ತದಲ್ಲಿ ಒಂದು ಕ್ಯಾನ್ಸರ್ ಇದೆ. ಅದಕ್ಕೆ ಅವಳು ‘ಬಾಡಿಗೆದಾರ’ ಎನ್ನುತ್ತಾಳೆ. ಖಾಲಿ ಮಾಡಿಸುವ ಕೆಲಸ ಚಿಕ್ಕಮಗಳೂರಿನ ಒಂದು ಆಸ್ಪತ್ರೆಯ ಡೇ ಕೇರ್ ವಾರ್ಡಿನಲ್ಲಿ ನಡೆಯುತ್ತಿದೆ. ಬೆಳಿಗ್ಗೆ ಹೋಗಿ ಡ್ರಿಪ್ ಹಾಕಿಸಿಕೊಂಡರೆ ಸಂಜೆಗೆ ಮನೆ.

ಪಕ್ಕದ ಕುರ್ಚಿ ಮೂಡಿಗೆರೆಯ ಪುಟ್ಟೇಗೌಡರದ್ದು. ಕಾಫಿ ಬೆಳೆಗಾರರು. ಒಂದು ಕೈಗೆ ಡ್ರಿಪ್, ಇನ್ನೊಂದರಲ್ಲಿ ಫೋನು, ಫೋನಿನಲ್ಲಿ ಮೆಣಸಿನ ರೇಟು. ಕ್ಯಾನ್ಸರ್ ಡಾಕ್ಟರು ಬರುವುದು ವಾರಕ್ಕೊಮ್ಮೆ, ಹೊರ ಊರಿಂದ. ಉಳಿದ ದಿನ ವಾರ್ಡು ನರ್ಸ್ ಶಾಹಿನಾಳ ಕೈಯಲ್ಲಿ.

ಶಾಹಿನಾ ಬಣಕಲ್ ಹುಡುಗಿ. ಅವಳ ಅಪ್ಪ ಹೈವೇ ಪಕ್ಕದಲ್ಲಿ ಜೀಪು ರಿಪೇರಿ ಮಾಡುತ್ತಾರೆ. ನರ ಸಿಗದ ಕೈಗಳಿಗೆ ಅವಳು ಮೊದಲು ಬಿಸಿನೀರಿನ ಚೀಲ ಇಡುತ್ತಾಳೆ. ಆಮೇಲೆ ಏನಾದರೂ ಕೇಳುತ್ತಾಳೆ. ‘ಕಾಫಿಗೆ ಹೂಮಳೆ ಬಂತಾ ಗೌಡ್ರೆ?’ ಗೌಡರು ಉತ್ತರ ಮುಗಿಸುವಷ್ಟರಲ್ಲಿ ಸೂಜಿ ಒಳಗೆ.

ಒಂದು ದಿನ ಅವಳೇ ಸುದ್ದಿ ಹೇಳಿದಳು. ಕ್ಯಾನ್ಸರ್ ಮತ್ತು ರಕ್ತದ ಕಾಯಿಲೆಗಳ ಶುಶ್ರೂಷೆಯಲ್ಲಿ ಸ್ನಾತಕೋತ್ತರ ಓದು ಮಾಡುವ ನರ್ಸ್‌ಗಳಿಗೆಂದೇ ಒಂದು ಟ್ರಸ್ಟ್ ಸ್ಕಾಲರ್‌ಶಿಪ್ ಕೊಡುತ್ತದೆ. ಅದು ಅವಳಿಗೆ ಸಿಕ್ಕಿತ್ತು. ಓದು ಬೆಂಗಳೂರಿನಲ್ಲಿ. ಫೀಸು, ಹಾಸ್ಟೆಲ್ ಎಲ್ಲ ಅವರದೇ. ಆಸ್ಪತ್ರೆ ರಜೆ ಕೊಟ್ಟರೆ ಸಾಕು. ಮುಗಿದ ಮೇಲೆ ವಾಪಸ್ ಇಲ್ಲಿಗೇ.

ಇಷ್ಟರಲ್ಲಿ ನಮ್ಮ ಕಿವಿಗೆ ಬಿದ್ದದ್ದೆಷ್ಟು? ಶಾಹಿನಾ ಹೋಗುತ್ತಾಳೆ. ಅಷ್ಟೇ.

ನಮ್ಮ ಕಡೆ ಒಂದು ಪದ್ಧತಿ ಇದೆ. ಒಳ್ಳೆಯ ಮೇಷ್ಟ್ರಿಗೆ ವರ್ಗವಾಯಿತೇ? ನಾಲ್ಕು ಜನ ಜೀಪು ಹತ್ತುತ್ತಾರೆ. ನಗುತ್ತಾ ಮಾತಾಡಿಸುವ ಬ್ಯಾಂಕ್ ಮ್ಯಾನೇಜರಿಗೆ ವರ್ಗವಾಯಿತೇ? ಜೀಪು. ಅಜ್ಜಿಯರಿಗಾಗಿ ತಿರುವಿನಲ್ಲೂ ಬಸ್ಸು ನಿಲ್ಲಿಸುವ ಡ್ರೈವರಿಗೆ? ಅವರಿಗೂ ಜೀಪು. ದೊಡ್ಡವರೊಬ್ಬರ ಮನೆಗೆ ಹೋಗುವುದು, ಜಗಲಿಯಲ್ಲಿ ಕಾಫಿ ಕುಡಿಯುವುದು, ‘ಇವರು ನಮಗೆ ಬೇಕು’ ಎನ್ನುವುದು. ಒಂದು ಫೋನು ಹೋಗುತ್ತದೆ. ವರ್ಗ ನಿಲ್ಲುತ್ತದೆ. ಇದನ್ನು ನಾವು ಪ್ರೀತಿ ಎಂದೇ ಕರೆಯುತ್ತೇವೆ. ಕೆಟ್ಟವರಿಗಾಗಿ ಯಾರೂ ಜೀಪು ಹತ್ತುವುದಿಲ್ಲ ನೋಡಿ.

ಅಕ್ಕನ ವರ್ಗವನ್ನೂ ಊರವರು ಹೀಗೇ ನಿಲ್ಲಿಸಿದ್ದರು. ಆ ಕಥೆ ನಮ್ಮ ಮನೆಯಲ್ಲಿ ಪದಕದ ಹಾಗೆ. ನಾನೂ ಇದೇ ಜಾಗದಲ್ಲಿ ಅದನ್ನು ಬರೆದಿದ್ದೇನೆ. ಓದಿ ಕಣ್ಣು ಒರೆಸಿಕೊಂಡೆವು ಎಂದು ನಿಮ್ಮಲ್ಲಿ ಕೆಲವರು ಹೇಳಿದ್ದಿರಿ.

ಹಾಗಾದರೆ ಶಾಹಿನಾಳಿಗಾಗಿ ಹೋಗೋಣ ಎಂದು ಮೊದಲು ಹೇಳಿದ್ದು ಯಾರು? ಗೌಡರು ಅಕ್ಕ ಎನ್ನುತ್ತಾರೆ. ಅಕ್ಕ ಗೌಡರು ಎನ್ನುತ್ತಾಳೆ. ನನ್ನ ನೆನಪಿನಲ್ಲೂ ಗೌಡರೇ. ಆದರೆ ನನ್ನ ನೆನಪಿನಲ್ಲಿ ಅವತ್ತು ಮಳೆಯೂ ಇತ್ತು, ಮಳೆ ಇರಲಿಲ್ಲ ಎಂದು ಇಬ್ಬರೂ ಹೇಳುತ್ತಾರೆ. ಮಳೆ ಹೋದ ಮೇಲೆ ಗೌಡರನ್ನು ಮಾತ್ರ ಹೇಗೆ ಹಿಡಿದಿಟ್ಟುಕೊಳ್ಳಲಿ?

ಹೋದದ್ದಂತೂ ಮೂವರೂ. ಗೌಡರಿಗೆ ಗೊತ್ತಿದ್ದ ಮುಖಂಡರೊಬ್ಬರ ಮನೆಗೆ. (ಹೆಸರು ಬೇಡ. ಒಳ್ಳೆಯ ಕಾಫಿ ಕೊಡುತ್ತಾರೆ.)

‘ಎಲ್ಲಿಗೆ ವರ್ಗ?’ ಎಂದು ಕೇಳಿದರು ಅವರು.

‘ಬೆಂಗಳೂರಿಗೆ’ ಎಂದರು ಗೌಡರು. ‘ಎಂತದೋ ಓದೋಕಂತೆ ಮಾರಾಯ್ರೆ. ಆ ಹುಡುಗಿಗೆ ಈಗ್ಲೇ ಎಲ್ಲಾ ಗೊತ್ತು. ಇನ್ನೆಂತ ಓದೋದು?’

ಅಕ್ಕ ಹೌದೆಂದು ತಲೆಯಾಡಿಸಿದಳು. ಜೀವನವಿಡೀ ಮಕ್ಕಳಿಗೆ ‘ಓದಿ, ಓದಿ’ ಎಂದವಳು. ಮುಖಂಡರು ನಮ್ಮೆದುರೇ ಫೋನು ಮಾಡಿದರು. ಆಮೇಲೆ ಬಣಕಲ್, ತಿಂಡಿ. ಶಾಹಿನಾಳ ಅಪ್ಪನ ಗ್ಯಾರೇಜು ಎದುರಿಗೇ ಇತ್ತು. ಕೈ ಬೀಸಿದೆವು. ಅವರೂ ಬೀಸಿದರು.

ಮುಂದಿನ ಬುಧವಾರ ಶಾಹಿನಾ ಅಕ್ಕನ ಕೈಗೆ ಬಿಸಿ ಚೀಲ ಇಟ್ಟಳು. ಏನೂ ಕೇಳಲಿಲ್ಲ.

‘ಎಂತ ಶಾಹಿನಾ, ಇವತ್ತು ಮಾತೇ ಇಲ್ಲ?’

‘ರಜೆ ಇಲ್ಲ ಅಂದ್ರು ಟೀಚರ್. ಯಾರೋ ದೊಡ್ಡೋರು ಆಫೀಸಿಗೆ ಫೋನ್ ಮಾಡಿದ್ರಂತೆ, ಈ ಹುಡುಗೀನ ಬಿಡಬೇಡಿ ಅಂತ. ಶುಕ್ರವಾರದೊಳಗೆ ರಜೆ ಆಗ್ದಿದ್ರೆ ಸ್ಕಾಲರ್‌ಶಿಪ್ ಬೇರೆಯವ್ರಿಗೆ ಹೋಗುತ್ತೆ.’ ಪ್ಲಾಸ್ಟರ್ ಹರಿದು ಸೂಜಿಯ ಮೇಲೆ ಅಂಟಿಸಿದಳು. ‘ನಾನು ಯಾರಿಗೆ ಏನು ಮಾಡಿದ್ದೆ ಅಂತ ಯೋಚಿಸ್ತಾ ಇದ್ದೀನಿ. ನನ್ನ ಮೇಲೆ ಇಷ್ಟು ದ್ವೇಷ ಯಾರಿಗಿರ್ಬಹುದು?’

ಪಕ್ಕದ ಕುರ್ಚಿಯಲ್ಲಿ ಗೌಡರು ಫೋನನ್ನು ಕಿವಿಯಿಂದ ಇಳಿಸಿದರು. ಆ ಕಡೆಯವರು ಇನ್ನೂ ಮಾತಾಡುತ್ತಲೇ ಇದ್ದರು.

‘ದ್ವೇಷ ಅಲ್ಲ ಮಗಳೇ’ ಎಂದಳು ಅಕ್ಕ. ‘ನಾವೇ.’

ಶಾಹಿನಾ ಸಿಟ್ಟು ಮಾಡಲಿಲ್ಲ. ಡ್ರಿಪ್ಪಿನ ವೇಗ ಸರಿ ಮಾಡಿದಳು. ಸ್ಟೂಲು ಎಳೆದುಕೊಂಡು ಕೂತಳು.

‘ಟೀಚರ್, ನಿಮ್ಮ ಕೈ ಊದಿದ್ದು ನೆನಪಿದೆಯಾ?’

ನೆನಪಿಲ್ಲದೆ ಏನು? ಡ್ರಿಪ್ಪಿನ ಔಷಧಿ ನರದಿಂದ ಹೊರಗೆ ಸೋರಿತ್ತು. ಶಾಹಿನಾ ಓಡಿ ಬಂದು ನಿಲ್ಲಿಸಿದಳು. ಸೂಜಿ ಕೀಳಲಿಲ್ಲ. ಅದರಿಂದಲೇ ಸೋರಿದ್ದನ್ನು ಆದಷ್ಟು ಹಿಂದಕ್ಕೆ ಎಳೆದಳು. ಐಸ್ ಇಟ್ಟಳು. ಮುಖದಲ್ಲಿ ಗಾಬರಿಯ ಸುಳಿವಿಲ್ಲ. ಅಕ್ಕನ ಕೈ ಉಳಿಯಿತು. ಗೌಡರು ಇದನ್ನು ಮುಖಂಡರ ಜಗಲಿಯಲ್ಲೂ ವರ್ಣಿಸಿದ್ದರು.

ಅವಳ ನೆನಪು ಬೇರೆ ಇತ್ತು.

‘ಅವತ್ತು ಡಾಕ್ಟರ ಫೋನ್ ಸಿಗ್ಲಿಲ್ಲ. ಕೆಲವು ಔಷಧಿ ಸೋರಿದ್ರೆ ತಣ್ಣಗಿಡಬೇಕು, ಕೆಲವಕ್ಕೆ ಬಿಸಿ ಇಡಬೇಕು. ತಪ್ಪಾದ್ರೆ ಚರ್ಮ ಸತ್ತೇ ಹೋಗ್ಬಹುದು. ನಿಮಗೆ ಹಾಕಿದ್ದಕ್ಕೆ ಯಾವ್ದು ಅಂತ ನನ್ನ ತಲೆಗೇ ಬರ್ಲಿಲ್ಲ. ಐಸ್ ಹತ್ರ ಇತ್ತು, ಇಟ್ಟೆ. ಸರಿಯಾಯ್ತು. ಆದ್ರೆ ಗೊತ್ತಿದ್ದು ಇಟ್ಟಿದ್ದಲ್ಲ ಟೀಚರ್.’

ಅಕ್ಕನ ಕೈಯ ಪ್ಲಾಸ್ಟರಿನ ಅಂಚನ್ನು ಇನ್ನೊಮ್ಮೆ ಒತ್ತಿದಳು.

‘ನಾಳೆ ಇನ್ನೊಬ್ರಿಗೆ ಬಿಸಿ ಇಡೋ ಔಷಧಿ ಸೋರಬಹುದು. ಅವತ್ತೂ ಐಸೇ ಹತ್ರ ಇದ್ರೆ?’

ಗೌಡರು ತಮ್ಮ ಕೈಗೆ ಇಳಿಯುತ್ತಿದ್ದ ಡ್ರಿಪ್ಪನ್ನು ತಲೆಯೆತ್ತಿ ನೋಡಿದರು. ಅಷ್ಟು ದಿನದಲ್ಲಿ ಅವರು ಅದನ್ನು ನೋಡಿದ್ದು ಅದೇ ಮೊದಲಿರಬೇಕು. ‘ನಂದು ಯಾವ್ದು ಸಿಸ್ಟರ್, ಬಿಸಿದಾ, ತಣ್ಣಂದಾ?’ ಎಂದು ಕೇಳಿದರು.

ಗುರುವಾರ ಮತ್ತೆ ಜೀಪು. ಈ ಸಲ ಹೋಗೋಣ ಎಂದದ್ದು ಯಾರೆಂದು ಮೂವರಿಗೂ ಸ್ಪಷ್ಟವಾಗಿ ನೆನಪಿದೆ. ಅಕ್ಕ.

ದಾರಿಯಲ್ಲಿ ಗೌಡರು ಸಮಾಧಾನಕ್ಕೆಂದು, ‘ನಾವೇನು ಕೆಟ್ಟದ್ದಕ್ಕೆ ಮಾಡಿದ್ವಾ ಟೀಚರ್? ನಿಮ್ಮ ವರ್ಗಾನೂ ಊರೋರು ನಿಲ್ಸಿದ್ರಲ್ಲ. ನೀವೇನು ಬೇಜಾರು ಮಾಡ್ಕೊಂಡ್ರಾ?’ ಎಂದರು.

ಅಕ್ಕ ಹೊರಗೆ ನೋಡುತ್ತಿದ್ದಳು. ‘ಚಿಕ್ಕಮಗಳೂರಿಗೆ ವರ್ಗ ನಾನೇ ಕೇಳಿದ್ದು ಗೌಡ್ರೆ. ಅಲ್ಲಿದ್ರೆ ಎಂ.ಎ. ಮಾಡ್ಬಹುದು ಅಂತಿತ್ತು.’

‘ಮತ್ತೆ ಆಗ್ಲೇ ಹೇಳ್ಬೇಕಿತ್ತು ಮಾರಾಯ್ರೆ.’

‘ಹಾರ ಹಾಕಿದ್ರಲ್ಲ. ಹಾರ ಹಾಕ್ಕೊಂಡು ನಿಂತು ಹೆಂಗೆ ಹೇಳೋದು?’

ನಾನು ಹಿಂದಿನ ಸೀಟಿನಲ್ಲಿದ್ದೆ. ಒಡಹುಟ್ಟಿದವಳ ಬಾಯಿಂದ ಈ ಮಾತು ಕೇಳಿದ್ದು ಅದೇ ಮೊದಲು. ಆ ಹಳೆಯ ಅಂಕಣವನ್ನು ನಿಮ್ಮಲ್ಲಿ ಯಾರಾದರೂ ಕತ್ತರಿಸಿ ಇಟ್ಟುಕೊಂಡಿದ್ದರೆ ಅಂಚಿನಲ್ಲಿ ದಯವಿಟ್ಟು ಇಷ್ಟು ಸೇರಿಸಿಕೊಳ್ಳಿ: ಅವಳಿಗೆ ಹೋಗಬೇಕಿತ್ತು.

ಮುಖಂಡರು ನಮ್ಮ ಮಾತನ್ನು ಪೂರ್ತಿ ಕೇಳಿದರು. ‘ವರ್ಗ ಮಾಡ್ಸಿ ಅಂತ ಬರ್ತಾರೆ. ನಿಲ್ಸಿ ಅಂತಾನೂ ಬರ್ತಾರೆ. ನಿಲ್ಸಿದ್ದನ್ನ ನಿಲ್ಸಿ ಅಂತ ಬಂದೋರು ನೀವೇ ಮೊದಲು’ ಎಂದರು. ಆಮೇಲೆ ಫೋನು ಎತ್ತಿಕೊಂಡರು. ಕಾಫಿ ಅವತ್ತೂ ಚೆನ್ನಾಗಿತ್ತು. ಅಕ್ಕ ಅರ್ಧ ಬಿಟ್ಟಳು.

ಶುಕ್ರವಾರ ಮಧ್ಯಾಹ್ನ ರಜೆ ಮಂಜೂರಾಯಿತು. ಶಾಹಿನಾ ಈಗ ಬೆಂಗಳೂರಿನಲ್ಲಿದ್ದಾಳೆ. ಮೊನ್ನೆ ಅಕ್ಕನಿಗೆ ಫೋನು ಮಾಡಿ ರಕ್ತದ ಬಗ್ಗೆ ಏನೇನೋ ಹೇಳಿದಳಂತೆ. ಅಕ್ಕನಿಗೆ ಅರ್ಧ ಅರ್ಥವಾಗಲಿಲ್ಲವಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. ಎಲ್ಲೋ ಇರುವ ಟ್ರಸ್ಟಿನವರು, ನಮ್ಮ ವಾರ್ಡನ್ನು ಕಣ್ಣಲ್ಲಿ ನೋಡದವರು, ಈ ಹುಡುಗಿ ಓದಲಿ ಎಂದರು. ಅವಳ ಸೂಜಿಯ ಕೆಳಗೆ ಕೈ ಚಾಚಿ ಕೂತ ನಾವು ಬೇಡ ಎಂದೆವು. ದೂರದವರಿಗೆ ಕಂಡದ್ದು ಹತ್ತಿರದವರಿಗೇಕೆ ಕಾಣಲಿಲ್ಲ? ಅಥವಾ, ಹತ್ತಿರ ಕೂತಿದ್ದರಿಂದಲೇ ಕಾಣಲಿಲ್ಲವೇ?

ವಾರ್ಡಿಗೆ ಹೊಸ ಸಿಸ್ಟರ್ ಬಂದಿದ್ದಾಳೆ. ಮೊದಲ ದಿನ ಅಕ್ಕನ ಕೈಯಲ್ಲಿ ನರ ಸಿಗದೆ ಬೆವತುಹೋದಳು. ‘ಅವಸರ ಇಲ್ಲ, ಇನ್ನೊಂದ್ಸಲ ನೋಡಮ್ಮ’ ಎಂದಳು ಅಕ್ಕ, ಹಲ್ಲು ಕಚ್ಚಿಕೊಂಡು. ಬಿಸಿನೀರಿನ ಚೀಲ ಎಲ್ಲಿದೆ ಎಂದು ತಾನೇ ತೋರಿಸಿದಳು.

ಹೋದ ವಾರ ಅದೇ ಹುಡುಗಿ ಗೌಡರಿಗೆ ಒಂದೇ ಸಲಕ್ಕೆ ಸೂಜಿ ಹಾಕಿದಳು. ಗೌಡರು ಕೈ ತಿರುಗಿಸಿ ನೋಡಿಕೊಂಡು, ‘ಪರವಾಗಿಲ್ಲ ಮಾರಾಯ್ರೆ, ಈ ಹುಡುಗಿ ಕೈನೂ ಚೆನ್ನಾಗಿದೆ. ಇವಳನ್ನ ಎಲ್ಲಿಗೂ ಬಿಡಬಾರ್ದು’ ಎಂದರು.

ಆ ಜೀಪಿನ ಕೀ ಸ್ವಲ್ಪ ದಿನ ನಿಮ್ಮಲ್ಲಿ ಯಾರಾದರೂ ಇಟ್ಟುಕೊಳ್ಳುತ್ತೀರಾ?