ಕವಡೆ ಬೀದಿಯಲ್ಲಿ ಕಳೆದುಹೋಗಿದ್ದ ಕೋಡಿ

ಕೊರೊನಾ ಕಾಟ ಒಂದು ಹದಕ್ಕೆ ಬಂದು, ಜನ ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚಿದ ಮರುವರ್ಷದ ಮಳೆಗಾಲ ಅದು. ನಾನಾಗ ರಾಮನಗರದಲ್ಲಿ, ಕೆರೆಗಳ ಉಸ್ತುವಾರಿ ಇರುವ ಇಲಾಖೆಯೊಂದರಲ್ಲಿ ಸಹಾಯಕ ಕಾರ್ಯಪಾಲಕ ಇಂಜಿನಿಯರ್. ನಿವೃತ್ತಿ ಹತ್ತಿರದಲ್ಲೇ ಇತ್ತು. ಕನಕಪುರ, ಮಾಗಡಿ, ಚನ್ನಪಟ್ಟಣ ಎಂದು ಸುತ್ತಿದ ನನ್ನ ಸರ್ವಿಸ್ ಪೂರ್ತಿ ಒಣಗಿದ ಕೆರೆಗಳ ಜೊತೆಯೇ ಕಳೆದಿತ್ತು. ಹೂಳೆತ್ತಿಸುವುದು, ಜಾಲಿ ಕೀಳಿಸುವುದು, ಒತ್ತುವರಿ ಅಳೆಸುವುದು, ಇಷ್ಟೇ. ತುಂಬಿದ ಕೆರೆಯ ನಡವಳಿಕೆಯನ್ನು ನಾನು ತಿಳಿದದ್ದು ಅರ್ಧ ಕಾಲೇಜಿನ ಪುಸ್ತಕದಿಂದ, ಇನ್ನರ್ಧ ನನ್ನ ತಾತನ ಬಾಯಿಂದ. ತಾತ ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ ನೀರುಗಂಟಿ, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಆಳು. ಊಟಕ್ಕೆ ಕೂತಾಗಲೆಲ್ಲ ಕೆರೆಯ ಮಾತೇ ಆಡುತ್ತಿದ್ದ.

ನಾನು ಹೇಳಹೊರಟಿರುವ ಹುಣಸೆಕೆರೆ, ಪಟ್ಟಣದಿಂದ ಕೈಲಾಂಚದ ಕಡೆ ಹೋಗುವ ದಾರಿಯಲ್ಲಿದೆ. ಏರಿಯ ಒಂದು ತುದಿಯಲ್ಲಿ ಹಳೆಯ ಊರು, ಒಕ್ಕಲುತನದವರ ಮನೆಗಳು. ಇನ್ನೊಂದು ತುದಿಯಲ್ಲಿ ದೊಡ್ಡ ಬಂಡೆ. ಕೆರೆಗೆ ನೀರು ಬರುವುದು ನಿಂತ ಮೇಲೆ ಏರಿಯ ಕೆಳಗಿನ ಗದ್ದೆಗಳೆಲ್ಲ ಹಿಪ್ಪುನೇರಳೆ ತೋಟಗಳಾದವು. ಬಂಡೆಯ ಕಡೆಯ ಬೀಳು ಜಾಗಕ್ಕೆ ಪಟ್ಟಣದ ರೇಷ್ಮೆ ನೂಲು ತೆಗೆಯುವ ಕುಟುಂಬಗಳು ಬಂದವು. ಗೂಡು ಬೇಯಿಸುವ ವಾಸನೆಗೆ ಮೂಗು ಮುಚ್ಚಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ಒಂದು ಶೆಡ್ಡು ಹತ್ತಾಯಿತು. ಹುರಿ ಹಾಕುವ ಮಿಷನ್ನುಗಳು ಬಂದವು, ನೂಲು ತೆಗೆದ ಮೇಲೆ ಉಳಿಯುವ ಹುಳ ಒಣಗಿಸುವ ಕಣ ಬಂತು, ಟೀ ಅಂಗಡಿ, ಮಸೀದಿ, ಸೌದೆ ಡಿಪೋ ಬಂದವು. ಬಾಯ್ಲರುಗಳ ಹೊಟ್ಟೆಗೆ ಮಾಗಡಿ ಕಡೆಯಿಂದ ಸೌದೆ ಲಾರಿಗಳು ಬರುತ್ತಿದ್ದವು. ಸುತ್ತು ದಾರಿ ಯಾರಿಗೆ ಬೇಕು? ಅವು ಏರಿಯನ್ನೇ ಅಡ್ಡ ಹತ್ತಿ ಇಳಿಯುತ್ತಿದ್ದವು. ಹತ್ತಿ ಇಳಿದೂ ಇಳಿದೂ ಏರಿಯ ನಡುಬೆನ್ನು ಮುದಿ ಕುದುರೆಯ ಬೆನ್ನಿನ ಹಾಗೆ ಬಗ್ಗಿಹೋಗಿತ್ತು.

ಕೆರೆಗೆ ಎರಡು ಬಾಗಿಲು. ತಳದಲ್ಲಿರುವುದು ತೂಬು; ಗದ್ದೆಗೆ ನೀರು ಬಿಡಲು. ಮೇಲಿರುವುದು ಕೋಡಿ, ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ತಾನಾಗಿಯೇ ದಾಟಿ ಹೋಗಲು ಕಟ್ಟಿದ ಕಲ್ಲಿನ ಹೊಸಿಲು. ಕೋಡಿ ಏರಿಗಿಂತ ತಗ್ಗಿನಲ್ಲಿರಬೇಕು, ಆಗಲೇ ಏರಿ ಉಳಿಯುವುದು. ಹುಣಸೆಕೆರೆಯ ತೂಬು ಹೂಳಿನಲ್ಲಿ ಮುಚ್ಚಿಹೋಗಿತ್ತು. ಕೋಡಿಯ ವಿಚಾರ ಯಾರೂ ಎತ್ತಿರಲಿಲ್ಲ. ಒಣಕೆರೆಗೆ ಕೋಡಿಯ ಚಿಂತೆ ಯಾಕೆ?

ಆ ವರ್ಷ ವಾರಗಟ್ಟಲೆ ಮಳೆ ಸುರಿಯಿತು. ಒಂದು ಬೆಳಿಗ್ಗೆ ಊರಿನ ಶಿವಣ್ಣ ಫೋನ್ ಮಾಡಿದ. ಏರಿಯ ಕೆಳಗೇ ಅವನ ತೋಟ, ತೋಟದ ಪಕ್ಕ ರೇಷ್ಮೆಹುಳ ಸಾಕುವ ಮನೆ.

"ಸಾ, ನಮ್ಮ ಕೆರೆ ಕೋಡಿ ಬಿದ್ದೈತೆ! ಹೆಣ್ಮಕ್ಕಳೆಲ್ಲ ಬಾಗಿನ ತಕ್ಕೊಂಡು ಹೊಂಟವ್ರೆ. ನೀವು ಬರ್ದೆ ನಾವು ಮೊರ ಬುಡಕಿಲ್ಲ."

ಬೇರೆ ಸೀಮೆಯವರು ಕೇಳಿದರೆ ಏನೋ ಕುಸಿದುಬಿತ್ತು ಎಂದುಕೊಂಡಾರು. ನಮ್ಮ ಕಡೆ ಕೋಡಿ ಬಿತ್ತು ಎಂದರೆ ಕೆರೆ ತುಂಬಿ ಹರಿಯಿತು ಎಂದು. ಅದು ಬಾಯಿ ಸಿಹಿ ಮಾಡುವ ಸುದ್ದಿ. ನಾನೂ ಹಿಗ್ಗಿನಿಂದಲೇ ಜೀಪು ಹತ್ತಿದೆ.

ಹೋಗಿ ನೋಡಿದರೆ ಏರಿಯ ಮೇಲೆ ಜಾತ್ರೆಯಷ್ಟು ಜನ. ತಮಟೆ ಬಡಿಯುತ್ತಿದೆ. ಪಡ್ಡೆಗಳು ಪಾದ ಮುಳುಗುವ ನೀರಲ್ಲಿ ನಿಂತು ಸೆಲ್ಫಿ ತೆಗೆಯುತ್ತಿದ್ದಾರೆ. ಊರಿನ ಹಿರಿಯಜ್ಜಿ ಪುಟ್ಟತಾಯಮ್ಮ ಅರಿಶಿನ, ಬಳೆ, ರವಿಕೆಕಣ ತುಂಬಿದ ಮೊರವನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು ಎಲ್ಲರ ಮುಂದೆ ನಿಂತಿದ್ದಾರೆ. ಅವರ ಕಾಲ ಕೆಳಗೆ ನೀರು ಏರಿಯನ್ನು ದಾಟಿ ತೋಟದ ಕಡೆ ಇಳಿಯುತ್ತಿದೆ.

ಆ ನೀರಿನ ಬಣ್ಣ ನೋಡಿದೆ. ಕೆಂಪಗಿತ್ತು.

ತಾತನ ಮಾತು ಕಿವಿಯಲ್ಲಿ ಹೇಳಿದ ಹಾಗಾಯಿತು. ಕೆರೆಯ ಮೇಲಿನ ನೀರು ಮಣ್ಣು ತಂಗಿ ತಿಳಿಯಾಗಿರುತ್ತದೆ, ಕಲ್ಲಿನ ಮೇಲೆ ದಾಟಿದರೆ ತಿಳಿಯಾಗಿಯೇ ಬೀಳುತ್ತದೆ, ಕೆಂಪಾದರೆ ಅದು ಏರಿಯ ಮಣ್ಣು ತಿನ್ನುತ್ತಿದೆ ಎಂದು ತಿಳಿ ಮಗ ಎನ್ನುತ್ತಿದ್ದ. ಬಗ್ಗಿ ನೋಡಿದೆ. ಏರಿಯ ಕೆಳ ಇಳಿಜಾರಿನಲ್ಲಿ ಒಂದು ಚಾಪೆಯಗಲದ ಹುಲ್ಲು ಬೇರುಸಮೇತ ಜಾರಿತು.

"ತಮಟೆ ನಿಲ್ಲಿಸ್ರೋ! ಎಲ್ಲಾ ಊರ ಕಡೆ ನಡೀರಿ! ಇದು ಕೋಡಿ ಅಲ್ಲ!"

ಪುಟ್ಟತಾಯಮ್ಮ ಅಲುಗಲಿಲ್ಲ. "ಏನಪ್ಪಾ ಇಂಜಿನಿಯರಪ್ಪ, ಗಂಗಮ್ಮ ಉಕ್ಕಿ ಹರೀತಾವ್ಳೆ. ಕೋಡಿ ಅಲ್ಲ ಅಂದ್ಬುಟ್ಟೆಯಲ್ಲ?"

"ಕೋಡಿ ಅಂದ್ರೆ ಕಲ್ಲು ಇರಬೇಕು ಕಣಮ್ಮ. ಇಲ್ಲಿ ಕಲ್ಲು ಎಲ್ಲಿದೆ? ನೀವು ನಿಂತಿರೋದು ಸೌದೆ ಲಾರಿ ದಾರಿ ಮೇಲೆ. ಏರಿ ಕಿತ್ಕೊಂಡು ಹೋಗ್ತಾ ಇದೆ."

ಅಜ್ಜಿ ಕಾಲ ಕೆಳಗೆ ನೋಡಿಕೊಂಡರು. ಆಮೇಲೆ ಮೊರವನ್ನು ಎದೆಗೆ ಒತ್ತಿಕೊಂಡು, ಆ ವಯಸ್ಸಿಗೆ ನಂಬಲಾಗದ ವೇಗದಲ್ಲಿ ನಡೆದುಬಿಟ್ಟರು. ಹಿಂದೆ ಎಲ್ಲರೂ ನಡೆದರು.

ಶಿವಣ್ಣ ನನ್ನ ಹತ್ತಿರ ಓಡಿ ಬಂದ. "ಹಂಗಾರೆ ಕೋಡಿ ಎಲ್ಲೈತೆ ಸಾ?"

ಯಾರಿಗೂ ಗೊತ್ತಿರಲಿಲ್ಲ. ಶಿವಣ್ಣನಿಗೆ ತಿಳುವಳಿಕೆ ಬಂದಾಗಿನಿಂದ ಆ ಕೆರೆ ತುಂಬಿಯೇ ಇರಲಿಲ್ಲ. ಏರಿ ಒಡೆದರೆ ತೋಟ, ಹುಳದ ಮನೆಗಳು, ಶೆಡ್ಡುಗಳ ಬೀದಿ ಎಲ್ಲಕ್ಕೂ ಒಂದೇ ಏಟು. ಮೇಲಿನವರಿಗೆ ಫೋನ್ ಮಾಡಿದೆ. ಕನಕಪುರದ ಕಡೆಯೂ ಕೆರೆಗಳು ತುಂಬಿ ಯಂತ್ರಗಳೆಲ್ಲ ಅಲ್ಲಿವೆ, ಕಾಯಿರಿ ಎಂದರು. ನಾವು ಕಾಯಬಹುದು, ನೀರು ಕಾಯಬೇಕಲ್ಲ.

ಗದ್ದಲ ಶುರುವಾಯಿತು. ತೋಟದ ಕಡೆ ಏರಿ ಕಡಿದು ನೀರು ಬಿಡಿ ಎಂದು ಶೆಡ್ಡಿನ ಕಡೆಯ ಹುಡುಗರು. ನಿಮ್ಮ ಲಾರಿ ತಾನೇ ಏರಿ ತುಳಿದದ್ದು, ನಿಮ್ಮ ಕಡೆಗೇ ಬಿಡ್ತೀವಿ ಎಂದು ತೋಟದವರು. ಅಂಗಿ ಹಿಡಿಯುವುದೊಂದು ಬಾಕಿ. ನಾನು ಗಂಟಲು ಹರಿಯುವಂತೆ ಕೂಗಿದೆ: "ಎಲ್ಲಿ ಕಡಿದರೂ ಇಡೀ ಏರಿ ಹೋಗುತ್ತೆ! ಮೊದಲು ಮೂಟೆ ತನ್ನಿ!"

ಗೋಣಿಚೀಲ ಇದ್ದದ್ದು ಶೆಡ್ಡಿನವರ ಹತ್ತಿರ, ಗುದ್ದಲಿ ಇದ್ದದ್ದು ತೋಟದವರ ಹತ್ತಿರ. ಬೈದುಕೊಳ್ಳುತ್ತಲೇ ಒಬ್ಬರು ಚೀಲದ ಬಾಯಿ ಹಿಡಿದರು, ಒಬ್ಬರು ಮಣ್ಣು ತುಂಬಿದರು. ಸತ್ತ ಹುಳ ತುಂಬಿಡುತ್ತಿದ್ದ ಆ ಚೀಲಗಳ ನಾತಕ್ಕೆ ತೋಟದ ಹುಡುಗನೊಬ್ಬ ವಾಂತಿ ಮಾಡಿಕೊಂಡ. "ರೇಷ್ಮೆ ಬೇಕು, ಹುಳ ಬ್ಯಾಡ್ವೇನ್ಲಾ?" ಎಂದು ಚೀಲ ಹಿಡಿದವನು ನಕ್ಕ. ಲಾರಿ ದಾರಿಯ ತಗ್ಗಿಗೆ ಮೂಟೆಗಳ ಸಾಲು ಬಿತ್ತು. ಅದು ಒಂದಿಷ್ಟು ಹೊತ್ತು ತಡೆಯುತ್ತದೆ ಅಷ್ಟೆ. ಕೆರೆ ಏರುತ್ತಲೇ ಇತ್ತು.

ಪುಟ್ಟತಾಯಮ್ಮ ನನ್ನ ತೋಳು ಜಗ್ಗಿದರು. "ನಾನು ಮದ್ವೆಯಾಗಿ ಬಂದ ವರ್ಷ ಕೋಡಿ ಬಿದ್ದಿತ್ತು ಕಣಪ್ಪ. ತಲೆ ತಗ್ಗಿಸ್ಕಂಡು ನಮ್ಮತ್ತೆ ಹಿಂದೆ ಹೋದೆ, ಏನೂ ಸರ್ಯಾಗಿ ನೋಡ್ನಿಲ್ಲ. ಬಂಡೆ ತಾವು ಅಂತ ಒಸಿ ನೆಪ್ಪು. ಆದ್ರೆ ಅಲ್ಲೀಗ ಬರೀ ಮನೆಗಳೇ."

ಬಂಡೆಯ ಕಡೆ ಓಡಿದೆ. ಅಲ್ಲಿ ಕೆರೆಯ ಅಂಚಿನಿಂದ ಒಂದು ಕಿರಿದಾದ ಬೀದಿ ಇಳಿದು ಹೋಗುತ್ತದೆ, ಎರಡೂ ಬದಿ ಮನೆ. ಬೀದಿಯ ಬಾಯಿಗೆ ಅಡ್ಡವಾಗಿ ಒಂದು ದೊಡ್ಡ ಶೆಡ್ಡು, ಪಕ್ಕದಲ್ಲಿ ನಗರಸಭೆಯ ಹಳದಿ ಬೋರ್ಡು: ಕವಡೆ ಬೀದಿ. ಶೆಡ್ಡಿನ ಬಾಗಿಲಲ್ಲಿ ಮಾಲೀಕರಾದ ಅಮೀರ್ ಸಾಬರು ನಿಂತಿದ್ದರು. ಬಿಳಿ ಗಡ್ಡ, ಮೊಣಕೈವರೆಗೆ ಮಡಿಸಿದ ತೋಳು. ಒಳಗೆ ಬಾಯ್ಲರು ಉರಿಯುತ್ತಿತ್ತು, ಹೆಂಗಸರು ನೂಲು ತೆಗೆಯುತ್ತಿದ್ದರು.

"ಸಾಬ್ರೇ, ಈ ಬೀದಿಗೆ ಕವಡೆ ಅಂತ ಯಾಕೆ ಹೆಸರು?"

ಇಂಥ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂಬಂತೆ ನೋಡಿದರು. "ಅದು ಬೋರ್ಡ್ ಬರೆದೋನ ಬುದ್ಧಿವಂತಿಕೆ ಸಾಬ್. ನಾವು ಕೌಡಿ ಗಲ್ಲಿ ಅಂತೀವಿ. ಕೌಡಿ ಅಂದ್ರೆ ನಿಮ್ಮ ಕವಡೆ ಅಲ್ವಾ? ನಮ್ಮ ಅಬ್ಬಾ ಈ ಜಾಗ ಕೌಡಿ ರೇಟಿಗೆ ತಗೊಂಡಿದ್ರು, ಅದ್ಕೇ ಆ ಹೆಸರು."

"ಅದಕ್ಕೂ ಮುಂಚೆ ಹಳ್ಳಿಯವರು ಏನಂತಿದ್ದರು?"

"ಅವ್ರು ಕೋಡಿ, ಕೋಡಿ ಅಂತಿದ್ರು. ಪಾಪ, ಅವ್ರಿಗೆ ಕೌಡಿ ಅನ್ನೋಕೆ ನಾಲಿಗೆ ಹೊರಳಲ್ಲ ಅಂತ ನಾವು ನಗ್ತಿದ್ವಿ."

ಕೋಡಿ ಉರ್ದುವಿನ ಬಾಯಲ್ಲಿ ಕೌಡಿಯಾಗಿ, ಕೌಡಿ ಬೋರ್ಡಿನ ಮೇಲೆ ಕವಡೆಯಾಗಿ, ಕೆರೆಯ ಬಾಗಿಲೊಂದು ಎಲ್ಲರ ಕಣ್ಣೆದುರೇ ಕಳೆದುಹೋಗಿತ್ತು.

"ಶೆಡ್ಡಿನ ಹಿಂದಿನ ಗೋಡೆ ತೋರಿಸಿ."

ಅಮೀರ್ ಸಾಬರು ಹೆಮ್ಮೆಯಿಂದಲೇ ಕರೆದುಕೊಂಡು ಹೋದರು. "ನೋಡಿ ಸಾಬ್, ಇಂಥಾ ಪಾಯ ಈ ಮೊಹಲ್ಲಾದಲ್ಲೇ ಇಲ್ಲ. ಅಬ್ಬಾ ಬಂದಾಗ ಇಲ್ಲಿ ಕೆತ್ತಿದ ಕಲ್ಲು ಸಾಲಾಗಿ ಇತ್ತು. ಅದ್ರ ಮೇಲೇ ಗೋಡೆ ಎತ್ತಿದ್ರು. ಇವತ್ತಿಗೂ ಒಂದು ಬಿರುಕಿಲ್ಲ."

ಗೋಡೆ ಒದ್ದೆಯಾಗಿತ್ತು. "ಆವಿ," ಎಂದರು. ನಾನು ಅಂಗೈ ಒತ್ತಿದೆ. ಆವಿ ಕೂತ ಗೋಡೆ ಬೆಚ್ಚಗಿರುತ್ತದೆ. ಇದು ತಣ್ಣಗೆ ಕೊರೆಯುತ್ತಿತ್ತು. ಗೋಡೆಯ ಆಚೆ ಕೆರೆ ನಿಂತಿತ್ತು.

ಅವರ ಕೈ ಹಿಡಿದು ಆ ಗೋಡೆಯ ಮೇಲೆ ಇಟ್ಟೆ. ಅವರು ಕೈ ಎಳೆದುಕೊಂಡರು, ಮತ್ತೆ ತಾವೇ ಇಟ್ಟು ನೋಡಿದರು.

"ಸಾಬ್ರೇ, ನಿಮ್ಮ ಪಾಯವೇ ಹುಣಸೆಕೆರೆಯ ಕೋಡಿ. ಈ ಗೋಡೆ ಒಡೆದರೆ ನೀರು ಕಲ್ಲಿನ ಮೇಲೆ ನಿಧಾನವಾಗಿ ಇಳಿದು ಬೀದಿಯಲ್ಲಿ ಹರಿದು ಕೆಳಗಿನ ಹಳ್ಳ ಸೇರುತ್ತೆ, ಏರಿ ಉಳಿಯುತ್ತೆ. ಇಲ್ಲದಿದ್ದರೆ ಮೂಟೆ ಹಾಕಿದ ಕಡೆ ಏರಿ ಹೋಗುತ್ತೆ."

"ಒಡೆದರೆ ನನ್ನ ಶೆಡ್ಡು?"

"ಉಳಿಯಲ್ಲ."

ಅವರು ಶೆಡ್ಡಿನೊಳಗೆ ಒಮ್ಮೆ ಕಣ್ಣಾಡಿಸಿದರು. ಅಪ್ಪ ಕಟ್ಟಿದ ಶೆಡ್ಡು, ಮಗನ ಸಂಸಾರವೂ ಅದನ್ನೇ ನಂಬಿತ್ತು. "ನೋಟೀಸ್ ತಂದಿದ್ದೀರಾ?" ಎಂದು ಕೇಳಿದರು.

"ಇಲ್ಲ. ತರುವಷ್ಟು ಹೊತ್ತಿಲ್ಲ. ನಾನು ಬಲವಂತ ಮಾಡೋ ಹಾಗೂ ಇಲ್ಲ. ಆದರೆ ಬಾಯ್ಲರು ಕಾದಿರುವಾಗ ಗೋಡೆ ತಾನಾಗಿಯೇ ಬಿದ್ದು ತಣ್ಣೀರು ನುಗ್ಗಿದರೆ ಏನಾಗುತ್ತೆ ಅಂತ ನನಗಿಂತ ನಿಮಗೆ ಗೊತ್ತು. ಒಳಗೆ ಹೆಂಗಸರಿದ್ದಾರೆ."

ಶಿವಣ್ಣ ಅಷ್ಟರಲ್ಲಿ ಕೆಸರುಗಾಲಲ್ಲಿ ಬಂದು ನಿಂತಿದ್ದ. ಅಮೀರ್ ಸಾಬರು ಅವನ ಮೇಲೆ ಹರಿಹಾಯ್ದರು. "ಈಗ ಖುಷಿನಾ ನಿಂಗೆ? ನಿನ್ನ ತೋಟ ಉಳೀತದೆ, ನನ್ನ ಮನೆ ಹಾಳಾಗ್ತದೆ!"

"ನನ್ನ ತೋಟ ಉಳಿದು ನೀವು ಮುಳುಗಿದ್ರೆ ನನ್ನ ಗೂಡು ಕೊಳ್ಳೋರು ಯಾರು ಸಾಬ್ರೇ, ನಿಮ್ಮ ತಾತನಾ?" ಎಂದ ಶಿವಣ್ಣ. "ಮಾರ್ಕೆಟ್ನಲ್ಲಿ ನನ್ನ ಗೂಡು ಕಂಡ್ರೆ ಮೂತಿ ಸೊಟ್ಟ ಮಾಡ್ತೀರ, ಆಮ್ಯಾಕೆ ನೀವೇ ಕೂಗಿ ತಕ್ಕೊತೀರ. ನನ್ನ ಹುಳದ ಮನೆ ಖಾಲಿ ಐತೆ. ಏರಿ ಉಳಿದ್ರೆ ಅದೂ ಉಳೀತದೆ. ನಿಮ್ಮ ಮಿಷನ್ನು, ಬೇಸಿನ್ನು, ಎಲ್ಲಾ ಅಲ್ಲಿಕ್ಕಿ. ಹೊಸಾ ಶೆಡ್ಡು ಏಳೋಗಂಟ ಅಲ್ಲೇ ನೂಲು ತೆಗೀರಿ. ಯಾರು ಬ್ಯಾಡ ಅಂದಾರು?"

ಅಮೀರ್ ಸಾಬರು ಅವನನ್ನು ನೋಡಿದರು, ಗೋಡೆಯನ್ನು ನೋಡಿದರು. ಆಮೇಲೆ ಒಳಗೆ ತಿರುಗಿ ಕೂಗಿದರು: "ಬೆಂಕಿ ಎಳೀರಿ! ಆವಿ ಬಿಡಿ! ಎಲ್ಲಾ ಹೊರಗೆ ಬನ್ನಿ!"

ಆವಿ ಬಿಟ್ಟ ಶಬ್ದ ಬೀದಿಯ ತುದಿಗೂ ಕೇಳಿಸಿತು. ಬೀದಿಯ ಮನೆಗಳವರು ಮಕ್ಕಳನ್ನು, ಹಾಸಿಗೆ ಪಾತ್ರೆಗಳನ್ನು ಹೊತ್ತು ಮಸೀದಿಯ ಮಹಡಿ ಸೇರಿದರು. ಆ ತನಕ ಬೈದಾಡುತ್ತಿದ್ದ ಹುಡುಗರೇ ಗೂಡು ಹಾಕಿ ನೂಲು ತೆಗೆಯುವ ಬೇಸಿನ್ನುಗಳನ್ನು ಎತ್ತಿ ಶಿವಣ್ಣನ ಟ್ರ್ಯಾಕ್ಟರಿಗೆ ಏರಿಸಿದರು. ಅತ್ತ ಮೂಟೆಗಳ ಸಂದಿಯಲ್ಲಿ ಕೆಂಪು ನೀರು ಮತ್ತೆ ಇಣುಕಿದೆ ಎಂದು ಒಬ್ಬ ಓಡಿ ಬಂದ. ಇತ್ತ ಬಾಯ್ಲರು ಇನ್ನೂ ಆರಿರಲಿಲ್ಲ. ನನ್ನ ಸರ್ವಿಸ್ಸಿನಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನೆ ನಿಂತದ್ದು ಅದೊಂದೇ ಸಲ. ಅಮೀರ್ ಸಾಬರೇ ಬಾಯ್ಲರಿನ ಮೈ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಕೊನೆಗೆ ತಲೆ ಆಡಿಸಿದರು. ಹತ್ತಿರದಲ್ಲಿ ಯಾರದೋ ಸೈಟು ಸಮ ಮಾಡಲು ಬಂದಿದ್ದ ಜೆಸಿಬಿಯೊಂದನ್ನು ಕರೆಸಿ ಬೀದಿಯ ಬಾಯಲ್ಲಿ ನಿಲ್ಲಿಸಿದ್ದೆ. ಅದರ ಡ್ರೈವರ್ ಸಾಬರ ಮುಖ ನೋಡಿದ. "ನನ್ನನ್ನೇನು ನೋಡ್ತೀಯಾ? ಹೊಡಿ," ಎಂದು ಮುಖ ತಿರುಗಿಸಿಕೊಂಡರು.

ಗೋಡೆ ಮೂರು ಏಟಿಗೇ ಬಿತ್ತು. ಮೊದಲು ಇಟ್ಟಿಗೆ, ಮಣ್ಣು, ಕಸ ಕಲೆಸಿದ ಬಗ್ಗಡ ನುಗ್ಗಿತು. ಶೆಡ್ಡಿನ ಕಂಬಗಳು ಕಿರ್ರೆಂದು ಬಾಗಿ, ತಗಡು ಕಳಚಿತು. ಬೀದಿಯಲ್ಲಿ ನೀರು ಮೊಣಕಾಲೆತ್ತರ ಹರಿಯಿತು. ನಾವು ಬಂಡೆಯ ಮೇಲೆ ನಿಂತು ನೋಡುತ್ತಿದ್ದೆವು. ಸ್ವಲ್ಪ ಸ್ವಲ್ಪವಾಗಿ ಬಗ್ಗಡ ಬಣ್ಣ ಬಿಟ್ಟಿತು. ಕಲ್ಲಿನ ಅಂಚು ಕಾಣಿಸಿತು, ಉಳಿಯ ಗುರುತಿನ ಸಮೇತ. ಅದರ ಮೇಲೆ ನೀರು ಗಾಜಿನ ಹಾಗೆ ತಿಳಿಯಾಗಿ ಬಗ್ಗಿ ಬೀಳತೊಡಗಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಲಾರಿ ದಾರಿಯ ಮೂಟೆಗಳ ಬುಡದಿಂದ ನೀರು ಕೆಳಗಿಳಿದಿತ್ತು.

ಪುಟ್ಟತಾಯಮ್ಮ ಅದೇ ಮೊರ ಹಿಡಿದು ಬಂದರು. ಬೆಳಗಿನಿಂದ ಅದನ್ನು ನೆಲಕ್ಕೆ ಇಟ್ಟಿರಲಿಲ್ಲವಂತೆ. ಮುರಿದ ಗೋಡೆಯ ಮುಂದೆ ನಿಂತು ಅಮೀರ್ ಸಾಬರನ್ನು ಕೇಳಿದರು: "ಏನ್ ಸಾಬಣ್ಣ, ನಿನ್ನ ಮನೆ ಒಳೀಕೆ ಬಾಗಿನ ಬುಡ್ತೀನಿ. ಬೇಜಾರಿಲ್ಲ ತಾನೇ?"

ಸಾಬರು ಕಣ್ಣೊರೆಸಿಕೊಂಡರು. "ಬಿಡಮ್ಮಾ. ಮನೆ ಅದರದ್ದೇ ಅಂತೆ, ನಾವೇ ಇಷ್ಟು ದಿನ ಬಾಡಿಗೆ ಇಲ್ದೆ ಇದ್ವಿ."

ಅವರು ಶಿವಣ್ಣನ ಹುಳದ ಮನೆಯಲ್ಲಿ ನೂಲು ತೆಗೆದದ್ದು ಒಂದು ವರ್ಷಕ್ಕೂ ಹೆಚ್ಚು. ಈಗ ಎತ್ತರದ ಜಾಗದಲ್ಲಿ ಹೊಸ ಶೆಡ್ಡಾಗಿದೆ. ಪರಿಹಾರಕ್ಕೆ ನಾನು ಅಲೆದದ್ದು ಬೇರೆಯೇ ಕಥೆ. ಅದು ಬಂದದ್ದು ನಾನು ನಿವೃತ್ತನಾದ ಮೇಲೆ. ಲಾರಿಗಳು ಸುತ್ತು ದಾರಿಯಲ್ಲಿ ಹೋಗುತ್ತವೆ. ಬೀದಿಯ ಬೋರ್ಡನ್ನು ನಗರಸಭೆ ಇನ್ನೂ ಬದಲಿಸಿಲ್ಲ. ಯಾರೋ ಕವಡೆಯ ಮೇಲೆ ಸುಣ್ಣ ಬಳಿದು ಕೋಡಿ ಎಂದು ಬರೆದಿದ್ದಾರೆ.

ನಕ್ಷೆಗಳನ್ನು ನಾನು ಜೀವಮಾನವಿಡೀ ಓದಿದೆ. ಆದರೆ ಒಂದು ಜಾಗಕ್ಕೆ ಹೋದರೆ ಅದನ್ನು ಜನ ಏನೆಂದು ಕರೆಯುತ್ತಾರೆ, ಅವರ ಹಿಂದಿನವರು ಏನೆಂದು ಕರೆಯುತ್ತಿದ್ದರು ಎಂದು ಮೊದಲು ಕೇಳಬೇಕೆನ್ನುವುದನ್ನು ನನಗೆ ಕಲಿಸಿದ್ದು ಆ ಒಂದು ಬೆಳಿಗ್ಗೆ.

ಈಗಲೂ ಜೋರು ಮಳೆಯಾದ ವರ್ಷ ಅಮೀರ್ ಸಾಬರ ಫೋನ್ ಬರುತ್ತದೆ. "ಸಾಬ್, ನಮ್ಮ ಕೋಡಿ ಬಿದ್ದೈತೆ!" ಕೌಡಿ ಎನ್ನುವುದಿಲ್ಲ. ನಾನು ಅಭಿನಂದನೆ ಹೇಳುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ.

"ನೀರು ಯಾವ ಬಣ್ಣ ಸಾಬ್ರೇ?"

"ತಿಳಿ ಐತೆ ಸಾಬ್. ಕಲ್ಲು ಕಾಣ್ತಾ ಐತೆ."