ತೀರದ ಮುಯ್ಯಿ

ನಮ್ಮ ಓಣಿಗೆಲ್ಲ ಅಜ್ಜಿಯಂತಿದ್ದ ಆಯಿ ಸೆರಗನ್ನು ಸೊಂಟಕ್ಕೆ ಸಿಗಿಸಿದಳೆಂದರೆ ಯಾರಿಗೋ ಬೈಗುಳ ಕಾದಿದೆ ಎಂದೇ ಅರ್ಥ. ಗಡಿಯಲ್ಲಿ ಯುದ್ಧ ಶುರುವಾದಾಗ ಸೈನ್ಯದಲ್ಲಿದ್ದ ನನ್ನ ತಮ್ಮನ ಹೆಂಡತಿ ಹೊಲ ಮರೆತು ಟೀವಿ ಮುಂದೆ ಕುಳಿತುಬಿಟ್ಟಳು. ಆಯಿ ಓಣಿಯ ಹೆಂಗಸರನ್ನೆಲ್ಲ ಕರೆತಂದಳು.

“ಏಳವಾ, ನೀ ನೋಡಿದ್ರ ಲಡಾಯಿ ನಿಂದ್ರತೈತೇನ? ಗೋವಿನಜೋಳದಾಗ ಕಸ ಬೆಳದೈತಿ, ಕೀಳೂಣು ನಡಿ.”

ಪುಕ್ಕಟೆ ದುಡಿಸಿಕೊಂಡ ಮನೆತನ ನಮ್ಮದಲ್ಲ. “ಹಂಗ ಬ್ಯಾಡ್ರಿ ಆಯಿ” ಎಂದಳು ಅವಳು.

“ಪುಕ್ಕಟೆ ಯಾರ್ ಬರ್ತಾರ? ಇದು ಮುಯ್ಯಿ. ನಾ ಕರದಾಗ ನನ್ನ ಹೊಲಕ್ಕ ಬಾ.”

ತಮ್ಮ ಸುಖವಾಗಿ ಬಂದ. ಉಳಿದವರ ಮುಯ್ಯಿ ತೀರಿತು. ಆಯಿ ಮಾತ್ರ “ಕರೀತೇನಿ ತಗೋ, ಅವಸರೇನೈತಿ?” ಎನ್ನುತ್ತಲೇ ಈ ಬೇಸಿಗೆಯಲ್ಲಿ ತೀರಿಹೋದಳು.

ಮಳೆಗಾಲದಲ್ಲಿ ತಮ್ಮನ ಹೆಂಡತಿ ತಾನಾಗಿಯೇ ಆಯಿಯ ಹೊಲಕ್ಕೆ ಹೋದಳು. ಆಯಿಯ ಮಗ ಅಂದ: “ಕಸಾ ಸಾಯೋ ಎಣ್ಣಿ ಹೊಡದೇನಿ ತಂಗೀ, ಕೀಳಾಕ ಏನೂ ಉಳದಿಲ್ಲ.”